ಜಗ್ಗಬ್ಯಾಡ, ಸಡ್ಲ ಮಾಡು

ಮನೆಯಲ್ಲಿ ಮಗ್ಗ ಇದ್ದವರಿಗೆ ಈ ಆಟ ಗೊತ್ತಿರುತ್ತದೆ. ದಾರ ಸುತ್ತಿದ ಬಾಬಿನ್ ಕೈತಪ್ಪಿ ನೆಲಕ್ಕೆ ಬೀಳುತ್ತದೆ, ಉರುಳಿ ಮಂಚದ ಕೆಳಗೆ ಸೇರುತ್ತದೆ. ದಾರದ ತುದಿ ಮಾತ್ರ ನಿಮ್ಮ ಕೈಯಲ್ಲೇ ಇರುತ್ತದೆ. ಎಳೆದರೆ ಒಮ್ಮೆ ನಿಮ್ಮ ಕಡೆ ಉರುಳಿ ಬರುತ್ತದೆ, ಇನ್ನೊಮ್ಮೆ ಮತ್ತಷ್ಟು ಒಳಗೆ ಓಡುತ್ತದೆ. ಚಿಕ್ಕವಳಿದ್ದಾಗ ಅದಕ್ಕೆ ಸಿಟ್ಟು ಬಂದಿದೆ ಅಂದುಕೊಳ್ಳುತ್ತಿದ್ದೆ. ಅವ್ವ ರಾಟಿಯಿಂದ ತಲೆ ಎತ್ತದೆ ಹೇಳುತ್ತಿದ್ದಳು, "ಬಗ್ಗಿ ಎಳಿ, ಬರತೈತಿ." ಕೈಯನ್ನು ನೆಲದ ಹತ್ತಿರ ತಂದು ಎಳೆದರೆ ನಿಜವಾಗಲೂ ಬರುತ್ತಿತ್ತು. ಯಾಕೆ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಬಾಬಿನ್ ಕೈಗೆ ಬಂತು, ಕೆಲಸ ಮುಂದುವರೀತು, ಅಷ್ಟೇ.

ನಮ್ಮೂರು ಗುಳೇದಗುಡ್ಡ. ಅಪ್ಪ ಕುಬಸದ ಖಣ ನೇಯುತ್ತಾರೆ. ಬೆಳಗ್ಗೆ ಎದ್ದರೆ ಲಾಳಿಯ ಸಪ್ಪಳ, ರಾತ್ರಿ ಕಣ್ಣು ಮುಚ್ಚುವಾಗಲೂ ಅದೇ ಸಪ್ಪಳ. ಶಾಲೆ ಮುಗಿಸಿ ಬಂದಮೇಲೆ ನನ್ನ ಕೆಲಸ ಅಂದರೆ ಅವ್ವನ ಜೊತೆ ಕೂತು ಕಂಡಿಕೆ (ಲಾಳಿಗೆ ಹಾಕುವ ದಾರದ ಸಣ್ಣ ಸುರುಳಿ) ಸುತ್ತೋದು, ಗಂಟಾದ ದಾರ ಬಿಡಿಸೋದು. ಗಂಟು ಬಿಡಿಸುವಾಗ ನನಗೆ ತಾಳ್ಮೆ ಇರುತ್ತಿರಲಿಲ್ಲ. ತುದಿ ಸಿಕ್ಕಿತು ಅಂದರೆ ಜಗ್ಗಿಬಿಡುತ್ತಿದ್ದೆ. ಅಪ್ಪ ಮಗ್ಗದ ಕುಣಿಯಲ್ಲಿ ಕೂತಲ್ಲಿಂದಲೇ ಹೇಳುತ್ತಿದ್ದರು, "ಜಗ್ಗಬ್ಯಾಡವಾ. ಜಗ್ಗಿದಷ್ಟೂ ಬಿಗಿ ಆಕ್ಕೈತಿ. ಮೊದ್ಲ ಸಡ್ಲ ಮಾಡು, ಎಳಿ ತಾನ ಕಾಣ್ತೈತಿ."

ಕನ್ನಡದಲ್ಲಿ ನಾವು ಗಂಟನ್ನೂ ಬಿಡಿಸುತ್ತೇವೆ, ಲೆಕ್ಕವನ್ನೂ ಬಿಡಿಸುತ್ತೇವೆ. ಎರಡಕ್ಕೂ ಒಂದೇ ಮಾತು. ಅಪ್ಪನ ಮಾತು ಲೆಕ್ಕಕ್ಕೂ ಹೊಂದುತ್ತದೆ ಅಂತ ಹೊಳೆಯೋಕೆ ನನಗೆ ಬಿ.ಎಸ್ಸಿಯ ಮೊದಲ ವರ್ಷ ಬೇಕಾಯಿತು. ಹಾಗೆ ಹೊಳೆದದ್ದೇ ಕೊನೆಗೆ ನಾನು ಫಿಸಿಕ್ಸ್ ಹಿಡಿಯೋಕೂ ಕಾರಣ ಆಯಿತು. ನಮ್ಮ ಕಡೆ ಹುಡುಗ ಹುಡುಗಿಯರು "ಅಕ್ಕಾ, ಫಿಸಿಕ್ಸೋ ಮ್ಯಾಥ್ಸೋ?" ಅಂತ ಕೇಳುತ್ತಲೇ ಇರುತ್ತಾರೆ. ಒಂದು ಸಾಲಲ್ಲಿ ಹೇಳಲಾಗದೆ ಪ್ರತಿ ಸಲ ತಡವರಿಸುತ್ತೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 2021ರ ಬ್ಯಾಚು. ಕೋವಿಡ್‌ನಿಂದ ಆ ವರ್ಷ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಯಿತು. ಲ್ಯಾಬಿನ ಸಾಮಾನನ್ನು ನಾವು ಮೊಬೈಲ್ ಪರದೆಯಲ್ಲಿ ನೋಡಿದ್ದೇ ಜಾಸ್ತಿ. ಸಿಇಟಿ ಮಾತ್ರ ನಡೀತು. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡ್. ಆ ತಯಾರಿಯಲ್ಲಿ ಕಲಿತದ್ದು ಒಂದೇ: ಪ್ರಶ್ನೆಯಲ್ಲಿ ಯಾವ ಸಂಖ್ಯೆಗಳಿವೆ ನೋಡು, ಅವು ಕೂರುವ ಸೂತ್ರ ನೆನಪಿಸಿಕೋ, ಹಾಕು, ಮುಂದೆ ಹೋಗು. ತುದಿ ಕಂಡರೆ ಜಗ್ಗು. ಇದು ಕೆಲಸ ಮಾಡುತ್ತದೆ ಕೂಡ, ಸುಳ್ಳು ಹೇಳಲ್ಲ. ಆದರೆ ಎಂಜಿನಿಯರಿಂಗ್ ಫೀಸಿನ ಲೆಕ್ಕ ಹಾಕಿದಾಗ ಅಪ್ಪನ ಮುಖ ನೋಡಿ ನಾನೇ ಬೇಡ ಅಂದೆ. ಬಾಗಲಕೋಟೆಯಲ್ಲಿ ಬಿ.ಎಸ್ಸಿ ಸೇರಿದೆ. ವಿದ್ಯಾಗಿರಿಯಲ್ಲಿ ಮೂವರು ಹುಡುಗಿಯರು ಸೇರಿ ಒಂದು ರೂಮು ಮಾಡಿದೆವು.

ಆ ವರ್ಷವೇ ಕರ್ನಾಟಕದಲ್ಲಿ ಹೊಸ ಶಿಕ್ಷಣ ನೀತಿಯ ಡಿಗ್ರಿ ಶುರುವಾಗಿತ್ತು. ಮೊದಲಾದರೆ ಪಿಸಿಎಂ ತಗೊಂಡರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರನ್ನೂ ಕೊನೆತನಕ ಎಳೆದುಕೊಂಡು ಹೋದರಾಯಿತು, ಆರಿಸುವ ಮಾತೇ ಬರುತ್ತಿರಲಿಲ್ಲ. ನಮಗೆ ಎರಡೇ ವಿಷಯ. ನಾಲ್ಕು ಸೆಮಿಸ್ಟರ್ ಎರಡನ್ನೂ ಸಮನಾಗಿ ಓದಬೇಕು, ಐದನೆಯದಕ್ಕೆ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಅಂತ ಬರೆದುಕೊಡಬೇಕು. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು, ನಿಯಮ ಬದಲಾಯಿತು. ಆದರೂ ಇವತ್ತಲ್ಲ ನಾಳೆ ಎಂ.ಎಸ್ಸಿ ಅರ್ಜಿ ತುಂಬುವಾಗಲಾದರೂ ಈ ಪ್ರಶ್ನೆ ಎದುರಿಗೆ ಬಂದೇ ಬರುತ್ತದೆ, ಅಲ್ವಾ?

ಮೊದಲ ಸೆಮಿಸ್ಟರ್ ಮೆಕ್ಯಾನಿಕ್ಸ್. ನಮಗೆ ಪಾಠ ಮಾಡಲು ಒಬ್ಬ ಅತಿಥಿ ಉಪನ್ಯಾಸಕರು ಬಂದಾಗ ಅರ್ಧ ಸೆಮಿಸ್ಟರ್ ಮುಗಿದಿತ್ತು. ಅವರು ಡೆರಿವೇಷನ್‌ಗಳನ್ನು ಬೇಗ ಮುಗಿಸಿ ಹತ್ತು ಲೆಕ್ಕಗಳ ಒಂದು ಹಾಳೆ ಕೊಟ್ಟರು. ಪರೀಕ್ಷೆಗೆ ಬರೋದಿಲ್ಲ ಅಂತ ಮೊದಲೇ ಹೇಳಿದರು. ಹಾಗೆ ಹೇಳಿದ್ದಕ್ಕೆ ಅರ್ಧ ಕ್ಲಾಸು ಹಾಳೆಯನ್ನು ಮಡಚಿಟ್ಟಿತು. ನಾನು ಬಸ್ಸಿನಲ್ಲಿ ಓದೋಕೆ ಏನಾದರೂ ಬೇಕಲ್ಲ ಅಂತ ತೆಗೆದೆ. ಏಳನೇ ಲೆಕ್ಕ ಹೀಗಿತ್ತು: ಒರಟಾದ ಮೇಜಿನ ಮೇಲೆ ಒಂದು ದಾರದ ಬಾಬಿನ್ ಇದೆ. ಒಳಗಿನ ತ್ರಿಜ್ಯ ಇಷ್ಟು, ಹೊರಗಿನ ತ್ರಿಜ್ಯ ಇಷ್ಟು. ದಾರ ಕೆಳಭಾಗದಿಂದ ಹೊರಬರುತ್ತದೆ. ಅದನ್ನು ನೆಲದಿಂದ ಥೀಟಾ ಕೋನದಲ್ಲಿ ಎಳೆದರೆ ಬಾಬಿನ್ ಯಾವ ಕಡೆ ಉರುಳುತ್ತದೆ?

ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. ಇದು ನಮ್ಮ ಮನೆಯ ಮಂಚದ ಕೆಳಗಿನ ಬಾಬಿನ್. ಯಾರೋ ಅದನ್ನು ಲೆಕ್ಕ ಮಾಡಿ ಪುಸ್ತಕದಲ್ಲಿ ಬರೆದಿದ್ದಾರೆ!

ಆ ರಾತ್ರಿ ರೂಮಿನಲ್ಲಿ ಕೂತೆ. ಅಭ್ಯಾಸದ ಪ್ರಕಾರ ಮೊದಲು ಸೂತ್ರಗಳು. ಬಲ ಸಮ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಟಾರ್ಕ್ (ತಿರುಗಿಸುವ ಬಲ) ಸಮ ಜಡತ್ವ ಗುಣಿಸು ಕೋನೀಯ ವೇಗೋತ್ಕರ್ಷ. ಘರ್ಷಣೆ ಯಾವ ಕಡೆ ಅಂತ ಗೊತ್ತಿಲ್ಲ, ಹಿಂದಕ್ಕೆ ಇರಲಿ ಅಂದುಕೊಂಡೆ. ಕೇಂದ್ರದ ಸುತ್ತ ಟಾರ್ಕ್ ಬರೆದೆ. ಒಂದು ಕಡೆ ಪ್ಲಸ್ ಹಾಕಬೇಕಾದಲ್ಲಿ ಮೈನಸ್ ಬಿತ್ತು. ಉತ್ತರ ಬಂತು, ಆದರೆ ಆ ಉತ್ತರದ ಪ್ರಕಾರ ನೆಲಕ್ಕೆ ಕೈ ತಾಗಿಸಿ ಎಳೆದರೂ ಬಾಬಿನ್ ದೂರ ಓಡಬೇಕು. ಹಾಗಾಗೋದಿಲ್ಲ ಅಂತ ನನಗೆ ಹತ್ತು ವರ್ಷದಿಂದ ಗೊತ್ತು. ಮತ್ತೆ ಬರೆದೆ. ಮತ್ತೆ ತಪ್ಪಾಯಿತು. ಹನ್ನೆರಡೂವರೆಗೆ ರೂಮಿನವರು ಲೈಟ್ ಆರಿಸು ಅಂದರು, ಮೊಬೈಲ್ ಟಾರ್ಚಿನಲ್ಲಿ ಮುಂದುವರಿಸಿದೆ.

ಅವತ್ತು ಆದದ್ದನ್ನು ಇವತ್ತು ಯೋಚಿಸಿದರೆ ಅನಿಸುತ್ತದೆ: ಉತ್ತರ ತಪ್ಪು ಅಂತ ಯಾರೂ ಹೇಳದೆಯೇ ನನಗೆ ಗೊತ್ತಾಗಿದ್ದು ಅದೇ ಮೊದಲ ಸಲ. ಅಲ್ಲಿವರೆಗೆ ಸರಿಯೋ ತಪ್ಪೋ ಅಂತ ಹೇಳುತ್ತಿದ್ದದ್ದು ಪುಸ್ತಕದ ಕೊನೆಯ ಪುಟ ಅಥವಾ ಕೀ ಆನ್ಸರ್. ಅವತ್ತು ಹೇಳಿದ್ದು ನನ್ನ ಕೈ.

ಮರುದಿನ ಸರ್ ಹತ್ತಿರ ಹೋದೆ. ಅವರು ನನ್ನ ಎರಡು ಪುಟ ಪೂರ್ತಿ ಓದಿದರು, ಒಂದೂ ಗೆರೆ ಹೊಡೆಯಲಿಲ್ಲ. ಆಮೇಲೆ ಕೇಳಿದರು, "ಇದರಾಗ ನಿನಗ ಗೊತ್ತಿಲ್ಲದ್ದು ಯಾವುದು?"

"ಘರ್ಷಣೆ ಸರ್. ಎಷ್ಟು ಅನ್ನೋದೂ ಗೊತ್ತಿಲ್ಲ, ಯಾವ ಕಡೆ ಅನ್ನೋದೂ ಗೊತ್ತಿಲ್ಲ."

"ಹಂಗಿದ್ರ ಅದು ಕಾಡದಿರೋ ಜಾಗದಾಗ ಹೋಗಿ ನಿಂತು ನೋಡು. ಕೇಂದ್ರದಾಗ ಯಾಕ ನಿಂತಿ?"

ಇಷ್ಟೇ ಹೇಳಿದ್ದು. ನಾನು ಕಾರಿಡಾರಿನ ಕಟ್ಟೆ ಮೇಲೆ ಕೂತು ದೊಡ್ಡದಾಗಿ ಒಂದು ಚಿತ್ರ ಬರೆದೆ. ಎರಡು ವೃತ್ತ, ಒಂದರೊಳಗೆ ಒಂದು. ಕೆಳಗೆ ನೆಲ. ಘರ್ಷಣೆ ಕೆಲಸ ಮಾಡೋದು ಬಾಬಿನ್ ನೆಲಕ್ಕೆ ತಾಗಿದ ಬಿಂದುವಿನಲ್ಲಿ. ಆ ಬಿಂದುವಿನ ಸುತ್ತಲೇ ಟಾರ್ಕ್ ತೆಗೆದರೆ ಘರ್ಷಣೆಯ ಟಾರ್ಕ್ ಸೊನ್ನೆ. ನೆಲ ಮೇಲಕ್ಕೆ ಒತ್ತುವ ಬಲದ್ದೂ ಸೊನ್ನೆ. ತೂಕದ್ದೂ ಸೊನ್ನೆ, ಯಾಕೆಂದರೆ ಅದೂ ಆ ಬಿಂದುವಿನ ಮೇಲೇ ಹಾದುಹೋಗುತ್ತದೆ. ಉಳಿಯೋದು ದಾರ ಒಂದೇ. ಈಗ ದಾರದ ಗೆರೆಯನ್ನು ಸ್ಕೇಲ್ ಇಟ್ಟು ಹಿಂದಕ್ಕೆ ನೆಲದವರೆಗೆ ಎಳೆದರೆ ಸಾಕು. ಆ ಗೆರೆ ಬಿಂದುವಿನ ಹಿಂದೆ ನೆಲ ಮುಟ್ಟಿದರೆ ಬಾಬಿನ್ ನಿಮ್ಮ ಕಡೆ ಬರುತ್ತದೆ. ಬಿಂದುವಿನ ಮುಂದೆ, ನಿಮ್ಮ ಕಡೆಗೇ ಮುಟ್ಟಿದರೆ ಓಡುತ್ತದೆ. ಸರಿಯಾಗಿ ಬಿಂದುವಿಗೇ ಬಂದರೆ ಉರುಳೋದೇ ಇಲ್ಲ, ಜೋರಾಗಿ ಎಳೆದರೆ ಹಾಗೇ ಜಾರಿಕೊಂಡು ಬರುತ್ತದೆ. ಆ ಕೋನದ ಕೊಸೈನ್ ಬೆಲೆ ಒಳಗಿನ ತ್ರಿಜ್ಯ ಭಾಗಿಸು ಹೊರಗಿನ ತ್ರಿಜ್ಯ. ಒಂದು ಸಾಲು. ಎರಡು ಪುಟದ ಜಗ್ಗಾಟ ಒಂದು ಸಾಲಿಗೆ ಇಳಿದಿತ್ತು.

ಅಪ್ಪನ ಮಾತು ಕಿವಿಯಲ್ಲಿ ಕೇಳಿದ್ದು ಆಗ. ಸಡ್ಲ ಮಾಡು, ಎಳಿ ತಾನ ಕಾಣ್ತೈತಿ.

ಶನಿವಾರ ಊರಿಗೆ ಹೋದವಳು ಕಂಪಾಸ್ ಬಾಕ್ಸ್ ತೆಗೆದೆ. ಅವ್ವನ ಬಾಬಿನ್ ಅಳೆದೆ. ಹೊರಗಿನ ಅಗಲ 6 ಸೆಂ.ಮೀ, ದಾರ ಇದ್ದಷ್ಟು ಒಳಗಿನ ಅಗಲ 4 ಸೆಂ.ಮೀ. ಎರಡರ ಭಾಗಲಬ್ಧ ಮೂರರಲ್ಲಿ ಎರಡು. ಹಾಗಾದರೆ ಕೋನ ಸುಮಾರು 48 ಡಿಗ್ರಿ ಬರಬೇಕು. ನೆಲದ ಮೇಲೆ ಗೋಣಿಚೀಲ ಹಾಸಿ, ಗೋಡೆಗೆ ರಟ್ಟು ನಿಲ್ಲಿಸಿ, ಅದರ ಮೇಲೆ ಕೋನಗಳ ಗೆರೆ ಹಾಕಿ ಎಳೆದೆ. 45ಕ್ಕೆ ಮೆಲ್ಲಗೆ ನನ್ನ ಕಡೆ ಬಂತು. 50 ದಾಟಿದ ಕೂಡಲೇ ಓಡಿತು. ನಡುವೆ ಒಂದು ಜಾಗದಲ್ಲಿ ಬಾಬಿನ್ ಅನುಮಾನಿಸಿದ ಹಾಗೆ ನಿಂತು, ಉರುಳದೆ, ಗೋಣಿಯ ಮೇಲೆ ಸರ್ರನೆ ಜಾರಿತು. ಹತ್ತು ಸಲ ಮಾಡಿ ನೋಡಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನು ಮಾಡುತ್ತಿದ್ದೇನೆ ಅಂತ ಹೇಳಿದೆ. ಅವಳು ಸ್ವಲ್ಪ ಯೋಚಿಸಿ ಹೇಳಿದಳು, "ಇದು ಅರ್ಧ ಆಗಿದ್ದು. ತುಂಬಿದ್ದ ತಗೊಂಡ್ರ ಇಷ್ಟ ಎತ್ತಾಕ ಬಿಡೂದಿಲ್ಲ, ಲಗೂನ ಓಡತೈತಿ. ಬರಿದಾಗಿದ್ದು ಮಾತ ಕೇಳತೈತಿ."

ನಾನು ಗೋಣಿಯ ಮೇಲೆ ಕೂತಲ್ಲೇ ಲೆಕ್ಕ ಹಾಕಿದೆ. ಬಾಬಿನ್ ತುಂಬಿ ಒಳಗಿನ ಅಗಲ 5.4 ಆದರೆ ಕೋನ ಸುಮಾರು 26 ಡಿಗ್ರಿ, ಅದನ್ನು ದಾಟಿದರೆ ಓಡುತ್ತದೆ. ದಾರ ಖಾಲಿಯಾಗಿ 2 ಸೆಂ.ಮೀ ಉಳಿದರೆ 70 ಡಿಗ್ರಿ ತನಕ ಎತ್ತಿ ಎಳೆದರೂ ಬರುತ್ತದೆ. ಅವ್ವ ಹೇಳಿದ್ದೇ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅವ್ವನ ಕೈಗೆ ಗೊತ್ತಿದ್ದದ್ದೂ ಆ ಒಂದು ಸಾಲಿನ ಸೂತ್ರವೂ ಒಂದೇ ಮಾತು ಹೇಳುತ್ತಿದ್ದವು. ನನ್ನ ಕಣ್ಣಲ್ಲಿ ನೀರು ಬಂತು. ಅವ್ವನಿಗೆ ಅದು ಅರ್ಥವಾಗಲಿಲ್ಲ, ಊಟಕ್ಕೆ ಏಳು ಅಂದಳು.

ಇದಾದಮೇಲೆ ಲೆಕ್ಕ ಬಿಡಿಸುವ ನನ್ನ ರೀತಿ ಬದಲಾಯಿತು, ಒಂದೇ ದಿನದಲ್ಲಿ ಅಲ್ಲ. ಮೊದಲು ಚಿತ್ರ, ಅರ್ಧ ಪುಟದಷ್ಟು ದೊಡ್ಡದು. ಗೊತ್ತಿಲ್ಲದ್ದು ಯಾವುದು, ಅದರ ಕಾಟವಿಲ್ಲದ ಜಾಗ ಎಲ್ಲಿ ಅಂತ ಹುಡುಕೋದು. ಉತ್ತರ ಬಂದಮೇಲೆ ಅದನ್ನು ಎರಡೂ ಕೊನೆಗೆ ತಳ್ಳಿ ನೋಡೋದು: ಕೋನ ಸೊನ್ನೆ ಆದರೆ ಏನಾಗುತ್ತದೆ, 90 ಆದರೆ ಏನಾಗುತ್ತದೆ, ತೂಕ ತುಂಬಾ ಜಾಸ್ತಿ ಆದರೆ? ಇಳಿಜಾರಿನಲ್ಲಿ ಒಂದು ಬಳೆ ಮತ್ತು ಒಂದು ಗೋಲಿಯನ್ನು ಒಟ್ಟಿಗೆ ಬಿಟ್ಟರೆ ಗೋಲಿ ಗೆಲ್ಲುತ್ತದೆ. ಅದರ ವೇಗೋತ್ಕರ್ಷ ಜಾರುವ ವಸ್ತುವಿನದರ ಏಳರಲ್ಲಿ ಐದು ಭಾಗ, ಬಳೆಯದು ಅರ್ಧ ಮಾತ್ರ. ಗೋಲಿ ದೊಡ್ಡದೋ ಸಣ್ಣದೋ, ಬಳೆ ಗಾಜಿನದೋ ಬಂಗಾರದ್ದೋ, ಲೆಕ್ಕಕ್ಕೆ ಬರೋದೇ ಇಲ್ಲ. ಇದನ್ನು ಸೂತ್ರವಾಗಿ ಪಿಯುನಲ್ಲೇ ಬರೆದಿದ್ದೆ. ರೂಮಿನಲ್ಲಿ ರೊಟ್ಟಿ ಮಣೆಯನ್ನು ಓರೆ ಇಟ್ಟು ನಿಜವಾಗಿ ಬಿಟ್ಟು ನೋಡಿದ್ದು ಮಾತ್ರ ಈಗ.

ಮೂರನೇ ಸೆಮಿಸ್ಟರ್ ಬೆಳಕು ಮತ್ತು ತರಂಗಗಳು. ನಮ್ಮ ಲ್ಯಾಬಿನಲ್ಲಿ ಸರಿಯಾಗಿ ಕೆಲಸ ಮಾಡುವ ಸ್ಪೆಕ್ಟ್ರೋಮೀಟರ್ (ಬೆಳಕು ಎಷ್ಟು ಕೋನಕ್ಕೆ ತಿರುಗಿತು ಅಂತ ಅಳೆಯುವ ಸಾಧನ) ಒಂದೇ ಇತ್ತು, ಎಂಟು ಜನ ಸರದಿ ಹಚ್ಚುತ್ತಿದ್ದೆವು. ಸೋಡಿಯಂ ದೀಪ ಕಾಯಲು ಸ್ವಲ್ಪ ಹೊತ್ತು ಬೇಕು, ಮೊದಲು ಕೆಂಪಗೆ, ಆಮೇಲೆ ಹಳದಿ. ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸೋಕೆ ಇಂಚಿಗೆ 15,000 ಗೆರೆ ಕೊರೆದ ಗ್ರೇಟಿಂಗ್. ಟೆಲಿಸ್ಕೋಪನ್ನು ಸುಮಾರು 20 ಡಿಗ್ರಿ ತಿರುಗಿಸಿದರೆ ಒಂದು ಹಳದಿ ಗೆರೆ ಸಿಗುತ್ತದೆ. ಎಲ್ಲರೂ ಅದರ ಓದು ಬರೆದುಕೊಂಡು ರೆಕಾರ್ಡ್ ಮುಗಿಸುತ್ತಿದ್ದರು. ಅವತ್ತು ನನ್ನದು ಕೊನೆಯ ಸರದಿ, ಹಿಂದೆ ಯಾರೂ ಕಾಯುತ್ತಿರಲಿಲ್ಲ. ಸುಮ್ನೆ ಇನ್ನೂ ತಿರುಗಿಸಿದೆ. 44 ಡಿಗ್ರಿಯ ಹತ್ತಿರ ಎರಡನೇ ಆರ್ಡರ್, ಅಂದರೆ ಅದೇ ಗೆರೆ ಎರಡನೇ ಸಲ ಕಾಣುವ ಜಾಗ. ಗೆರೆ ಮಸುಕಾಗಿತ್ತು. ಸೀಳುಗಂಡಿಯನ್ನು ಕೂದಲೆಳೆಯಷ್ಟು ಕಿರಿದು ಮಾಡಿ, ಉಸಿರು ಹಿಡಿದು ಫೋಕಸ್ ತಿರುಗಿಸಿದೆ. ಒಂದೇ ಗೆರೆ ಅಂದುಕೊಂಡಿದ್ದು ಎರಡಾಯಿತು. ಪಕ್ಕಪಕ್ಕದಲ್ಲಿ ಎರಡು ಸಣ್ಣ ಹಳದಿ ಎಳೆಗಳು. ನಡುವೆ ಕತ್ತಲು.

ಒಂದು 589.0 ನ್ಯಾನೋಮೀಟರ್, ಇನ್ನೊಂದು 589.6. ಪುಸ್ತಕದಲ್ಲಿ ಓದಿದ್ದೆ. ಆದರೆ ಓದಿದ್ದು ಬೇರೆ, ನಮ್ಮ ಬೀದಿದೀಪದಂಥ ಹಳದಿ ಬೆಳಕು ಎರಡೆಳೆ ದಾರ ಅಂತ ಕಣ್ಣಲ್ಲೇ ಕಂಡಿದ್ದು ಬೇರೆ. ಅಪ್ಪ ದಾರವನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಎಷ್ಟೆಳೆ ಅಂತ ಹೇಳುತ್ತಾರೆ. ನಾನು ಅದೇ ಕೆಲಸವನ್ನು ಬೆಳಕಿಗೆ ಮಾಡಿದ್ದೆ. ಅಟೆಂಡರ್ ಬಾಗಿಲು ಹಾಕಬೇಕು ಅಂತ ಎರಡು ಸಲ ಬಂದು ಹೋದರು. ಮೂರನೇ ಸಲ ಬಂದಾಗ ನಾನೇ ಕರೆದು ತೋರಿಸಿದೆ. ಅವರೂ ಬಗ್ಗಿ ನೋಡಿದರು. "ಎರಡ ಅದಾವಲ್ಲವಾ!" ಅಂದರು. ಇಷ್ಟು ವರ್ಷ ಅದೇ ದೀಪ ಹಚ್ಚಿ ಆರಿಸಿದವರು.

ಆ ಸೆಮಿಸ್ಟರಿನಲ್ಲೇ ಸರ್ ನಮ್ಮನ್ನು ರೈಲಿನಲ್ಲಿ ವಿಜಯಪುರಕ್ಕೆ ಕರೆದುಕೊಂಡು ಹೋದರು. ಆಲಮಟ್ಟಿ ದಾಟುವಾಗ ಕಿಟಕಿಯ ತುಂಬ ನೀರು. ಗೋಲಗುಮ್ಮಟವನ್ನು ನಾವೆಲ್ಲ ಶಾಲೆಯ ಟ್ರಿಪ್ಪಿನಲ್ಲಿ ನೋಡಿದವರೇ, ಮೇಲೆ ಹೋಗಿ ಕೂಗಿ ಬಂದವರೇ. ಈ ಸಲ ಕೂಗುವ ಮೊದಲು ಲೆಕ್ಕ ಹಾಕಿ ಅಂದರು. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ನೀವು ಈ ಕಡೆ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರಿನವರಿಗೆ ಕೇಳುತ್ತದೆ. ಆ ದನಿ ನೇರ ಹೋಯಿತೋ, ಗೋಡೆ ಹಿಡಿದು ಸುತ್ತಿ ಹೋಯಿತೋ? ನೇರ ಆದರೆ 38 ಮೀಟರ್, ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ 0.11 ಸೆಕೆಂಡ್. ಗೋಡೆ ಹಿಡಿದರೆ ಅರ್ಧ ಸುತ್ತು, 60 ಮೀಟರ್, 0.17 ಸೆಕೆಂಡ್. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಳೆಯೋಣ ಅಂತ ಹೋದೆವು. ಶಾಲಾ ಮಕ್ಕಳ ಕೂಗಿನಲ್ಲಿ ಏನೂ ಬಿಡಿಯಾಗಿ ಸಿಗಲಿಲ್ಲ. ಅಳತೆ ಆಗಲಿಲ್ಲ.

ಆದರೆ ವಾಪಸ್ ಬರುವ ರೈಲಿನಲ್ಲಿ ಸರ್ ಹೇಳಿದ ಕಥೆ ಮರೆಯೋದಿಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪಿಸುದನಿಯ ಮೊಗಸಾಲೆಗೆ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲೀ ಕಾರಣ ಕೊಟ್ಟಿದ್ದರು: ದನಿ ಬಾಗಿದ ಗೋಡೆಯನ್ನು ತಬ್ಬಿಕೊಂಡು ತೆವಳುತ್ತದೆ, ಎಲ್ಲ ಕಡೆ ಚೆಲ್ಲಿಹೋಗೋದಿಲ್ಲ, ಅದಕ್ಕೇ ದೂರ ಹೋದರೂ ಸೋಲುವುದಿಲ್ಲ. 1921ರಲ್ಲಿ ಸಿ. ವಿ. ರಾಮನ್ ಇಂಗ್ಲೆಂಡಿಗೆ ಹೋದಾಗ ಅದೇ ಚರ್ಚಿನಲ್ಲಿ ಪ್ರಯೋಗ ಮಾಡಿದರು. ಆಮೇಲೆ ನಮ್ಮ ದೇಶದ ಇಂಥ ಗುಮ್ಮಟಗಳ ಬಗ್ಗೆ ಬರೆದಾಗ ಅದರಲ್ಲಿ ಗೋಲಗುಮ್ಮಟವೂ ಇತ್ತು. ಅದೇ ಪ್ರವಾಸದ ಹಡಗಿನ ಪಯಣದಲ್ಲೇ ಸಮುದ್ರ ಯಾಕೆ ನೀಲಿ ಅನ್ನೋದು ಅವರ ತಲೆ ಹೊಕ್ಕಿದ್ದು. 1928ರ ರಾಮನ್ ಪರಿಣಾಮ, 1930ರ ನೊಬೆಲ್, ಎಲ್ಲ ಆಮೇಲಿನ ಮಾತು. ಗೋಡೆಯ ಪಿಸುದನಿ ಕೇಳಿದ ಮನುಷ್ಯ ಅದೇ ವರ್ಷ ನೀರಿನ ಬಣ್ಣವನ್ನೂ ಕೇಳಿದರು. ಯಾವುದನ್ನೂ ಇದು ಸಣ್ಣ ಪ್ರಶ್ನೆ ಅಂತ ಬಿಡಲಿಲ್ಲ. ನಾನು ಕಿಟಕಿ ಪಕ್ಕ ಕೂತು ಮಂಚದ ಕೆಳಗಿನ ಬಾಬಿನ್ ನೆನೆಸಿಕೊಂಡೆ.

ಇಷ್ಟೆಲ್ಲ ಆದರೂ ಆ ಸೆಮಿಸ್ಟರ್ ಫಿಸಿಕ್ಸ್‌ನಲ್ಲಿ ನನಗೆ ಬಂದದ್ದು 60ಕ್ಕೆ 27. ಮ್ಯಾಥ್ಸ್‌ನಲ್ಲಿ 52. ಫಿಸಿಕ್ಸ್ ಪೇಪರಿನಲ್ಲಿ ಕೇಳೋದು ಹೆಚ್ಚಾಗಿ ಡೆರಿವೇಷನ್, ವಿವರಿಸಿ, ಚಿತ್ರಸಹಿತ ಬರೆಯಿರಿ. ಅವನ್ನು ಬಾಯಿಪಾಠ ಮಾಡಿರಲಿಲ್ಲ. ಅದು ನನ್ನದೇ ತಪ್ಪು, ಮಾಡಬೇಕಿತ್ತು. ನಾಲ್ಕನೇ ಸೆಮಿಸ್ಟರಿನಲ್ಲಿ ಕೂತು ಮಾಡಿದೆ, ಅಂಕ ಏರಿತು. ಆದರೆ ಮನೆಯಲ್ಲಿ, ಕಾಲೇಜಿನಲ್ಲಿ ಎಲ್ಲರ ಬಾಯಲ್ಲಿ ಒಂದೇ ಮಾತು: ಮ್ಯಾಥ್ಸ್ ತಗೋ. ಮಾಮಾ ಹಬ್ಬಕ್ಕೆ ಬಂದವರು ಕೇಳಿದರು, "ಮ್ಯಾಥ್ಸ್ ಆದ್ರ ಟ್ಯೂಷನ್ ಆದ್ರೂ ಹೇಳಬಹುದು. ಫಿಸಿಕ್ಸ್ ಕಲ್ತು ಏನ್ ಮಾಡಾಕಿ ನೀನು?" ಅವರ ಮಾತು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನನ್ನ ರೂಮಿನ ಬಾಡಿಗೆ ಹೋಗುತ್ತಿದ್ದದ್ದೇ ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳುತ್ತಿದ್ದ ಮ್ಯಾಥ್ಸ್ ಟ್ಯೂಷನ್ನಿನಿಂದ. ಖಣದ ದುಡಿಮೆಯಲ್ಲಿ ಎಷ್ಟು ಉಳಿಯುತ್ತದೆ ಅಂತ ನೇಯುವ ಮನೆಯವರಿಗೆ ಹೇಳಬೇಕಾಗಿಲ್ಲ. ದುಡ್ಡಿನ ಚಿಂತೆಯನ್ನು ಬದಿಗಿಟ್ಟು ಮನಸ್ಸಿಗೆ ಬಂದದ್ದು ಓದಿ ಅಂತ ಯಾರಾದರೂ ಹೇಳಿದರೆ ಅವರ ಮನೆಯಲ್ಲಿ ದುಡ್ಡಿದೆ ಅಂತ ಅರ್ಥ.

ಹಾಗಾಗಿ ನಾನು ನಿಜವಾಗಿ ಕೂತು ಯೋಚಿಸಿದೆ. ಫಾರ್ಮ್ ಕೊಡೋಕೆ ನಾಲ್ಕು ದಿನ ಇತ್ತು. ಅಂಕಪಟ್ಟಿ ನೋಡಿದರೆ ಮ್ಯಾಥ್ಸ್. ನೌಕರಿ ನೋಡಿದರೆ, ಬಿ.ಎಡ್ ಮಾಡಿ ಹೈಸ್ಕೂಲಿಗೆ ಹೋದರೆ ಹೇಗೂ ಎರಡೂ ಕಲಿಸಬೇಕು. ತಲೆ ಬಿಸಿಯಾಗಿ, ಎರಡು ವರ್ಷದ ರಫ್ ನೋಟ್‌ಬುಕ್‌ಗಳನ್ನೆಲ್ಲ ಹಾಸಿಗೆ ಮೇಲೆ ಸುರಿದೆ. ರದ್ದಿಗೆ ಹಾಕೋಣ ಅಂತ. ಹಾಕುವ ಮೊದಲು ತಿರುವಿ ನೋಡುತ್ತ ಕೂತೆ.

ಮ್ಯಾಥ್ಸ್ ಪುಟಗಳು ನೀಟಾಗಿದ್ದವು. ಲೆಕ್ಕ, ಉತ್ತರ, ಕೆಳಗೆ ಗೆರೆ. ಒಂದು ಸಲ ಬಿಡಿಸಿದ ಲೆಕ್ಕದ ಹತ್ತಿರ ಮತ್ತೆ ಹೋಗಿರಲಿಲ್ಲ. ಫಿಸಿಕ್ಸ್ ಪುಟಗಳು ಗಲೀಜು. ಒಂದೇ ಲೆಕ್ಕ ನೀಲಿ ಶಾಯಿಯಲ್ಲಿ, ಎರಡು ತಿಂಗಳ ನಂತರ ಕಪ್ಪಿನಲ್ಲಿ, ಮತ್ತೆಂದೋ ಪೆನ್ಸಿಲ್ಲಿನಲ್ಲಿ. ಮೇಜಿನ ಅಂಚಿನಿಂದ ಜಾರಿ ಬೀಳುವ ಸರಪಳಿಯ ಲೆಕ್ಕ ನಾಲ್ಕು ಕಡೆ ಇತ್ತು. ಬಸ್ ಟಿಕೆಟ್ಟಿನ ಹಿಂದೆ ಒಂದು ಬಾಬಿನ್ ಚಿತ್ರ. ಟ್ಯೂಷನ್ ಫೀಸಿನ ಲೆಕ್ಕದ ಪಕ್ಕ ಗುಮ್ಮಟದ ವೃತ್ತ. ಯಾರೂ ಕೇಳದೆ, ಅಂಕ ಬಾರದೆ, ನಾನು ತಿರುಗಿ ತಿರುಗಿ ಹೋದ ಜಾಗ ಯಾವುದು ಅಂತ ಅಲ್ಲಿ ಬರೆದೇ ಇತ್ತು. ನನ್ನ ರೂಮಿನ ಗೆಳತಿಯನ್ನು ಕರೆದು ಅವಳ ರಫ್ ನೋಟ್‌ಬುಕ್ ತೋರಿಸು ಅಂದೆ. ಅವಳದು ತಿರುವುಮುರುವು. ಫಿಸಿಕ್ಸ್ ನೀಟು, ಮ್ಯಾಥ್ಸಿನ ರಿಯಲ್ ಅನಾಲಿಸಿಸ್ ಪುಟಗಳಲ್ಲಿ ಎಪ್ಸಿಲಾನ್ ಡೆಲ್ಟಾಗಳ ರಾಶಿ, ಅಂಚಿನಲ್ಲಿ "ಇದು ಯಾಕೆ??" ಅಂತ ಅವಳೇ ಬರೆದುಕೊಂಡ ಪ್ರಶ್ನೆಗಳು. ಅವಳು ಮ್ಯಾಥ್ಸ್ ಬರೆದುಕೊಟ್ಟಳು, ನಾನು ಫಿಸಿಕ್ಸ್. ಒಂದೇ ದಿನ, ಒಂದೇ ಪೆನ್ನಿನಲ್ಲಿ.

ಈಗ ನನ್ನನ್ನು ಕೇಳಿದವರಿಗೆ ಅದೊಂದೇ ಹೇಳುತ್ತೇನೆ. ಅಂಕಪಟ್ಟಿ ಆಮೇಲೆ ತೋರಿಸು, ಮೊದಲು ರಫ್ ನೋಟ್‌ಬುಕ್ ತಗೊಂಡು ಬಾ.

ಅಪ್ಪನಿಗೆ ಹೇಳಿದ್ದು ಮಗ್ಗದ ಪಕ್ಕ ನಿಂತು. ಟ್ಯೂಷನ್ ಬಿಡೋದಿಲ್ಲ, ನಿಮಗೆ ಭಾರ ಆಗೋದಿಲ್ಲ ಅಂತ ಮೊದಲೇ ಹೇಳಿಬಿಟ್ಟೆ. ಅವರು ಲಾಳಿ ನಿಲ್ಲಿಸಿದರು. ಭಾರದ ಮಾತು ಯಾಕವ್ವಾ ಅಂದರು. ಆಮೇಲೆ ಮೂಲೆಯಲ್ಲಿದ್ದ ದಾರದ ಕೋನ್ ತೋರಿಸಿ ಒಂದು ಪ್ರಶ್ನೆ ಕೇಳಿದರು. ಕೋನನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನ ಕೊಂಡಿಯಿಂದ ದಾರವನ್ನು ಜೋರಾಗಿ ಎಳೆದರೆ ದಾರ ನೆಟ್ಟಗೆ ಬರೋದಿಲ್ಲ, ಸುತ್ತುತ್ತ ಹೊಟ್ಟೆ ಉಬ್ಬಿಸಿಕೊಂಡು ಬರುತ್ತದೆ. "ಇದು ಯಾಕ ಹಿಂಗ ಉಬ್ಬತೈತಿ? ನಿಮ್ಮ ಫಿಸಿಕ್ಸ್‌ನ್ಯಾಗ ಐತೇನು?" ಇಷ್ಟು ವರ್ಷ ಅವರ ಮನಸ್ಸಿನಲ್ಲಿ ಇದು ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಆವತ್ತು ಉತ್ತರ ಬರಲಿಲ್ಲ. ಬಿ.ಎಸ್ಸಿ ಮುಗಿಯಿತು. ಎಂ.ಎಸ್ಸಿಗೆ ಅಂತ ಐಐಟಿಗಳು ನಡೆಸುವ ಜಾಮ್ ಪ್ರವೇಶ ಪರೀಕ್ಷೆ ಬರೆದೆ, 3 ಗಂಟೆಗೆ 60 ಪ್ರಶ್ನೆ. ಒಂದಕ್ಕೆ 3 ನಿಮಿಷ. 80 ಸೆಕೆಂಡ್‌ನಲ್ಲಿ ಬೆಳೆದವಳಿಗೆ ಅದೇ ಧಾರಾಳ ಅನಿಸಿತು. ರ್‍ಯಾಂಕ್ ನಾನು ಬಯಸಿದಷ್ಟು ಬರಲಿಲ್ಲ. ಧಾರವಾಡದಲ್ಲಿ ಸೇರಿದೆ, ಈಗ ಎರಡನೇ ವರ್ಷ. ಕೋನಿನ ಲೆಕ್ಕ ಜೊತೆಯಲ್ಲೇ ಬಂದಿದೆ. ದಾರದ ಜೊತೆ ನಾನೂ ಸುತ್ತುತ್ತಿದ್ದೇನೆ ಅಂದುಕೊಂಡು ನೋಡಿದರೆ ದಾರದ ಪ್ರತಿ ತುಣುಕನ್ನೂ ಹೊರಕ್ಕೆ ತಳ್ಳುವ ಬಲ ಒಂದು ಕಡೆ, ಒಳಕ್ಕೆ ಎಳೆಯುವ ಬಿಗುವು ಇನ್ನೊಂದು ಕಡೆ. ಗಾಳಿಯನ್ನು ಮರೆತು, ಉಬ್ಬು ಸಣ್ಣದು ಅಂದುಕೊಂಡರೆ ಆಕಾರ ಸೈನ್ ಗೆರೆ ಬರುತ್ತದೆ. ಬಿಗುವು ಹೆಚ್ಚಾದಷ್ಟೂ ಹೊಟ್ಟೆ ಸಣ್ಣದು. ಆದರೆ ನಿಜವಾದ ದಾರ ಒಂದು ಬದಿಗೆ ವಾಲಿಕೊಂಡು ಸುತ್ತುತ್ತದೆ, ಅದು ಗಾಳಿಯ ಕೆಲಸ. ಅಲ್ಲಿ ಸಿಕ್ಕಿಕೊಂಡಿದ್ದೇನೆ. ನೀಲಿ ಮುಗಿದು ಈಗ ಕಪ್ಪು ಶಾಯಿಯಲ್ಲಿದ್ದೇನೆ.

ಹೋದ ವಾರ ಫೋನಿನಲ್ಲಿ ಅಪ್ಪ ಕೇಳಿದರು, "ಏನವ್ವಾ, ಬಿಡೀತೇನು ಅದು?"

"ಪೂರ್ತಿ ಇಲ್ಲಪ್ಪಾ. ಒಂದ ಎಳಿ ಸಿಕ್ಕೈತಿ."

"ಆತು, ಜಗ್ಗಬ್ಯಾಡ ಮತ್ತ" ಅಂದು ಫೋನ್ ಅವ್ವನ ಕೈಗೆ ಕೊಟ್ಟರು. ಹಿಂದೆ ಲಾಳಿಯ ಸಪ್ಪಳ ಮತ್ತೆ ಶುರುವಾಯಿತು.